ಅತ್ತೆಯ ರಕ್ತದ ರಿಪೋರ್ಟು

ಮುಂಬೈಯ ಪ್ರಯೋಗಾಲಯವೊಂದರಲ್ಲಿ ನಾನು ಆರು ವರ್ಷ ಇಲಿಗಳ ಜೊತೆ ಕೆಲಸ ಮಾಡಿದೆ. ಮೈಮೇಲೆ ಕೂದಲಿಲ್ಲದ, ರೋಗ ತಡೆಯುವ ಶಕ್ತಿಯಿಲ್ಲದ ಇಲಿಗಳು. ಮನುಷ್ಯರ ಕರುಳಿನ ಕ್ಯಾನ್ಸರ್ ಗಡ್ಡೆಯ ಚೂರನ್ನು ಅವುಗಳ ಚರ್ಮದಡಿ ಇಟ್ಟು ಬೆಳೆಸುತ್ತಿದ್ದೆವು. ಗಡ್ಡೆ ರಕ್ತಕ್ಕೆ ಬಿಡುವ ಒಂದು ಪ್ರೋಟೀನನ್ನು ಅಳೆಯುವುದು ನನ್ನ ಪಾಲಿನ ಕೆಲಸ. ಆಸ್ಪತ್ರೆಗಳಲ್ಲಿ ರೋಗಿಗಳ ರಕ್ತದಲ್ಲೂ ಅದನ್ನೇ ನೋಡುತ್ತಾರೆ. ಏರಿದರೆ ರೋಗ ಮರಳಿರಬಹುದೆಂಬ ಗುಮಾನಿ. ಆದರೆ ಕೆಲವು ಗಡ್ಡೆಗಳು ಅದನ್ನು ಬಿಡುವುದೇ ಇಲ್ಲ. ಗೇರುಬೀಜದಷ್ಟು ಗಡ್ಡೆ ಹೊತ್ತ ಇಲಿಯ ರಕ್ತದಲ್ಲಿ ಏನೂ ಸಿಗದಿದ್ದುದನ್ನು ನಾನೇ ಎಷ್ಟೋ ಸಲ ಬರೆದಿಟ್ಟಿದ್ದೆ.

ನಮ್ಮೂರ ಕಡೆ ಅವರ್ಸಾದಲ್ಲಿದ್ದ ನನ್ನ ಅತ್ತೆಗೆ, ಅಂದರೆ ಅಪ್ಪನ ತಂಗಿಗೆ, ಕರುಳಿನ ಗಡ್ಡೆ ತೆಗೆದು ವರ್ಷವಾಗಿತ್ತು. ಕಾರವಾರದಲ್ಲಿ ರಕ್ತ ಪರೀಕ್ಷೆ ಮಾಡಿಸಿ ಮಾವ ಫೋನಿನಲ್ಲಿ ಅಂಕಿ ಓದಿದರು. ನನ್ನ ಕೈಯಲ್ಲಿ ಸಿರಿಂಜು ಇತ್ತು.

"ಚಲೋ ಅದೆ ಮಾವ," ಎಂದೆ. ಆಪರೇಶನ್ನಿಗೆ ಮೊದಲು ಎಷ್ಟಿತ್ತೆಂದು ಕೇಳಲಿಲ್ಲ. ಗಡ್ಡೆಯಿದ್ದಾಗಲೂ ಇಷ್ಟೇ ಕಡಿಮೆ ಇದ್ದಿದ್ದರೆ ಈ ಅಂಕಿಗೆ ಅರ್ಥವೇ ಇರಲಿಲ್ಲ.

ಮೇ ತಿಂಗಳ ರಜೆಯಲ್ಲಿ ಹೋದಾಗ ಅತ್ತೆ ಬಾವಿಕಟ್ಟೆಗೆ ಹೊಟ್ಟೆ ಒತ್ತಿ ನಿಂತು ನೀರು ಸೇದುತ್ತಿದ್ದಳು. ಬಳೆ ಮೊಣಕೈವರೆಗೆ ಜಾರುತ್ತಿತ್ತು. ಕೊಡ ಕಸಿದುಕೊಂಡೆ. ಜಗಲಿಯಿಂದ ಮಾವ ಹೇಳಿದರು:

"ಸೇದಲಿ ಬಿಡು. ರಿಪೋರ್ಟಿನಲ್ಲಿ ಎಂತ ಇಲ್ಲ. ನೀನೇ ಹೇಳಿದ್ದಲ್ಲ? ಅವಳಿಗೆ ಆದದ್ದು ಮೈಗಳ್ಳತನ."

ಅತ್ತೆ ನೋವೆಂದಾಗಲೆಲ್ಲ ಮಾವ ಆ ಕಾಗದ ತಂದು ಮುಂದೆ ಹಿಡಿಯುತ್ತಿದ್ದರಂತೆ. ನನ್ನ ಹೆಸರೂ ಹೇಳುತ್ತಿದ್ದರಂತೆ. ಇಲಿಗಳ ವಿಷಯ ವಿವರಿಸಲು ಹೋದೆ.

"ಇಲಿ ಲೆಕ್ಕ ಮನುಷ್ಯರಿಗೆ ಹಚ್ಚಬೇಡ," ಎಂದು ಎದ್ದು ಹೋದರು.

ಮಾರನೆಯ ದಿನ ಅವಳನ್ನು ಬಸ್ಸಿನಲ್ಲಿ ಕಾರವಾರಕ್ಕೆ ಕರೆದೊಯ್ದು ಸ್ಕ್ಯಾನ್ ಮಾಡಿಸಿದೆ. ಯಕೃತ್ತಿನ ತುಂಬ ಗಡ್ಡೆ ಹಬ್ಬಿತ್ತು. ಡಾಕ್ಟರು ನನ್ನೊಬ್ಬಳಿಗೇ ಇಂಗ್ಲಿಷಿನಲ್ಲಿ ಹೇಳಿದರು. ಅತ್ತೆ ಅವರ ಬಾಯನ್ನೇ ನೋಡುತ್ತ ಕೂತಿದ್ದಳು.

ತಿರುಗಿ ಬರುವಾಗ ಬಸ್ಸಿನಲ್ಲಿ ಕೇಳಿದಳು, "ಆ ಇಲಿಗಳಿಗೆ ಕಡೆಗೆ ಎಂತ ಮಾಡ್ತ್ರಿ?"

"ಗಡ್ಡೆ ದೊಡ್ಡದಾದ್ರೆ ಕೊಲ್ತೇವೆ."

"ನೋವು ತಿನ್ನಲಿಕ್ಕೆ ಬಿಡುದಿಲ್ಲ?"

"ಇಲ್ಲ. ಹಾಗೆ ಬಿಡಬಾರ್ದು ಅಂತ ನಿಯಮ ಅದೆ."

"ಅವುಕೆ ಅಷ್ಟಾದ್ರೂ ಪುಣ್ಯ ಅದೆ," ಎಂದು ಕಿಟಕಿಯತ್ತ ತಿರುಗಿದಳು.

ಸ್ಕ್ಯಾನಿನ ಮಾತು ಕೇಳಿ ಮಾವ ಬೈಯುವುದು ಬಿಟ್ಟರು, ಮಾತಾಡುವುದನ್ನೂ ಬಿಟ್ಟರು. ವಾಸನೆ ಬರುತ್ತದೆಂದು ಅವಳ ಮಂಚವನ್ನು ಹಿತ್ತಲ ಕಡೆಯ ಗೋಡೆಯಿಲ್ಲದ ಮಾಡಿನಡಿ ಹಾಕಿಸಿದರು. ನಾನು ಜಗಳವಾಡಿದೆ. ನಾಲ್ಕನೆಯ ದಿನ ರಜೆ ಮುಗಿಯಿತೆಂದು ರೈಲು ಹತ್ತಿದೆ. ಮಂಚ ಅಲ್ಲೇ ಇತ್ತು.

ಮಳೆಗಾಲ ಹಿಡಿದ ಮೇಲೆ ಅತ್ತೆ ತೀರಿಕೊಂಡ ಸುದ್ದಿ ಬಂತು. ಇರಚಲಿಗೆ ಹಾಸಿಗೆ ಒದ್ದೆಯಾಗಿಯೇ ಇತ್ತೆಂದು ಅಪ್ಪ ಹೇಳಿದರು. ಊರಿಗೆ ಹೋಗಲು ಕೇಳಿದ್ದರೆ ಪ್ರಯೋಗಾಲಯದವರು ರಜೆ ಕೊಡುತ್ತಿದ್ದರು. ನಾನು ಕೇಳಲಿಲ್ಲ. ಮಾವನ ಮುಖ ನೋಡಲಾರೆ ಎಂದು ಅಪ್ಪನಿಗೆ ನೆಪ ಹೇಳಿದೆ. ನಿಜಕ್ಕೂ ನಾನು ಹೆದರಿದ್ದು ಅತ್ತೆಯ ಮುಖಕ್ಕೆ.