ಹಿಂದಿನಿಂದ ಜಗ್ಗುವ ಗಾಳಿ

ಪಾರಿಸ ಕಾಕಾನ ಗಾಡಿ ಬರುವುದು ಕೇಳಿಸುತ್ತಿರಲಿಲ್ಲ. ಬೆನ್ನಿಗೆ ತಣ್ಣಗೆ ಏನೋ ಸವರಿದಂತಾಗಿ ತಿರುಗಿದರೆ, ಉದ್ದ ಬಾಲದ ಬಿಳಿ ಆಕೃತಿಯೊಂದು ಪಕ್ಕದಲ್ಲೇ ತೇಲಿಕೊಂಡು ಹೋಗುತ್ತಿರುತ್ತಿತ್ತು. ಅದರ ಪುಟ್ಟ ಕಿಟಕಿಯಿಂದ ಒಂದು ಕೈ ಹೊರಬಂದು, ಎಂಜಲು ಮಾಡಿಕೊಂಡ ತೋರುಬೆರಳನ್ನು ಗಾಳಿಗೆ ಹಿಡಿದಿರುತ್ತಿತ್ತು. ನಮ್ಮೂರು ಉಗಾರ ಬುದ್ರುಕದ ಎಮ್ಮೆಗಳು ಕಬ್ಬಿನ ಲಾರಿಗೆ ಹೆದರುವುದನ್ನು ಎಂದೋ ಬಿಟ್ಟಿವೆ. ಈ ಗಾಡಿ ಕಂಡರೆ ಮಾತ್ರ ಹಗ್ಗ ಹರಿದುಕೊಳ್ಳುತ್ತಿದ್ದವು. ನಾನು ಎಮ್ಮೆಯಲ್ಲ, ಹೈಸ್ಕೂಲಿನ ಗುಮಾಸ್ತ. ಆದರೂ ಒಮ್ಮೆ ಸಂತೆಯ ಚೀಲ ಬಿಸಾಕಿ ಗಟಾರಕ್ಕೆ ಹಾರಿದ್ದೇನೆ.

"ಯಾಕಲೇ ಸುರ್ಯಾ, ಏನಾತು?" ಎಂದು ಒಳಗಿನಿಂದ ದನಿ ಬಂತು.

"ಹಾರ್ನರ ಹೊಡಿ ಕಾಕಾ!"

"ಹಾರ್ನ್ ಯಾಕ? ನನಗ ನೀ ಕಾಣಸ್ತಿದ್ದೆಲ್ಲ."

ಕಾಕಾ ನಮಗೆ ರಕ್ತಸಂಬಂಧಿಯಲ್ಲ, ಗೋಡೆಸಂಬಂಧಿ. ಅವನ ಮನೆಗೂ ನಮ್ಮ ಮನೆಗೂ ನಡುವೆ ಒಂದೇ ಗೋಡೆ. ಗಡಿಯಾಚೆ ಮಹಾರಾಷ್ಟ್ರದ ಮಿರಜದ ಒಂದು ವರ್ಕ್‌ಶಾಪಿನಲ್ಲಿ ಲೇತ್ ಮಷೀನು ನಡೆಸುತ್ತ, ದಿನಾ ಹಳೆಯ ಸ್ಕೂಟರಿನಲ್ಲಿ ಹೋಗಿಬಂದು ಮಾಡುತ್ತಿದ್ದ. ಹೆಂಡತಿ ಪದ್ಮಕಾಕು ತೀರಿಕೊಂಡ ಮೇಲೆ ಕೆಲಸ ಬಿಟ್ಟ. ಸ್ಕೂಟರನ್ನು ಬಿಚ್ಚಿ ಇಂಜಿನ್ನನ್ನು ಅಂಗಳದಲ್ಲಿ ಹಳೇ ಕೌದಿಯ ಮೇಲೆ ಮಲಗಿಸಿದ. ಅದೇ ಇಂಜಿನ್ನಿಗೆ ಹೊಸ ಗಾಡಿ ಕಟ್ಟಿದ: ಮುಂದೆ ಎರಡು ಗಾಲಿ, ಹಿಂದೆ ಒಂದು. ಬುಟ್ಟಿ ಹೆಣೆಯುವವರನ್ನು ಕರೆಸಿ ಅದರ ಮೇಲೆ ಬಿದಿರಿನ ಹಂದರ ಕಟ್ಟಿಸಿದ. ಹಂದರಕ್ಕೆ ಹೊದಿಕೆ ಫ್ಲೆಕ್ಸಿನದು. ಆ ವರ್ಷಗಳಲ್ಲಿ ನಮ್ಮ ಕಡೆ ಏನಕ್ಕೆ ಬರವಿದ್ದರೂ ಫ್ಲೆಕ್ಸಿಗೆ ಇರಲಿಲ್ಲ. ಹುಟ್ಟುಹಬ್ಬ ಮುಗಿದ ನಾಯಕರನ್ನು ಕಾಕಾ ಕಂಬದಿಂದ ಇಳಿಸಿ ತಂದು, ಬಿಳಿ ಬಣ್ಣ ಬಳಿದು, ಬಿಗಿಯಾಗಿ ಹೊಲಿದುಬಿಟ್ಟ. ಒಂದು ಮಳೆಗಾಲ ಕಳೆಯುವಷ್ಟರಲ್ಲಿ ಬಣ್ಣ ತೆಳುವಾಗಿ, ಬಾಲದ ಮೇಲೆ ಯಾರದೋ ಮೀಸೆ, ಯಾರವೋ ಮುಗಿದ ಕೈಗಳು ಮೆಲ್ಲಗೆ ಮೂಡತೊಡಗಿದವು.

ನಮ್ಮ ಕಡೆ ಗಾಳಿ ಬೀಸುವುದಷ್ಟೇ ಅಲ್ಲ, ಹಿಡಿಯುತ್ತದೆ ಕೂಡ. "ಪಾರಿಸಗ ಗಾಳಿ ಹಿಡದೈತಿ. ಚಿಂಚಲಿಗೆ ಕರ್ಕೊಂಡ ಹೋಗಿ ಮಾಯಕ್ಕದೇವಿ ಭಂಡಾರದ ಅರಿಷಿಣ ಹಚ್ಚಿಸ್ಕೊಂಡ ಬರ್ರಿ," ಎಂದು ನಮ್ಮವ್ವ ಗೋಡೆಗೆ ಕೇಳುವಂತೆಯೇ ಹೇಳುತ್ತಿದ್ದಳು.

ಗೋಡೆಯಾಚೆಯಿಂದ ಉತ್ತರ ಬರುತ್ತಿತ್ತು: "ಅದು ನನ್ನ ಹಿಡದಿಲ್ಲ ವೈನಿ, ನಾನ ಅದನ್ನ ಹಿಡ್ಯಾಕ ಹೊಂಟೀನಿ."

ಕಡಿಮೆ ಎಣ್ಣೆಯಲ್ಲಿ, ಅಂದರೆ ಪೆಟ್ರೋಲಿನಲ್ಲಿ, ದೂರ ಹೋಗುವ ಗಾಡಿ ಮಾಡಬೇಕು ಎಂಬುದೊಂದೇ ಅವನ ಹಟ. ತುಸು ಓಡಿಸಿ ಇಂಜಿನ್ ಬಂದ್ ಮಾಡುವುದು, ಓಟ ಸಾಯುವತನಕ ತೇಲುವುದು, ಮತ್ತೆ ಚಾಲೂ ಮಾಡುವುದು. ಸಪ್ಪಳವಿರದ ಗುಟ್ಟು ಇಷ್ಟೇ. ಚಹಾದಂಗಡಿಯವರಿಗೆ ಮಾತ್ರ ಬಾಲದ್ದೇ ಚಿಂತೆ.

"ಕಾಕಾ, ಚೂಪ ಹಿಂದಾತು, ದುಂಡ ಮುಂದಾತು. ರಿವರ್ಸಿನ್ಯಾಗ ಹೊಡಿಯಾಂವೇನು?"

"ಹೊಳ್ಯಾಗಿನ ಮೀನ ತಿಂದೀರಿ, ನೋಡಿಲ್ಲ ನೀವು," ಎನ್ನುತ್ತಿದ್ದ ಕಾಕಾ. ಜೈನರವನು, ಅವನು ನೋಡಿದ್ದ, ತಿಂದಿರಲಿಲ್ಲ. "ಮುಂದ ಬಡಿಯೋ ಗಾಳಿ ವೈರಿ ಅಲ್ಲೋ. ಎದುರಿಗೆ ಬರತೈತಿ, ಸರಿಸಿ ಹೋಗಬಹುದು. ಗಾಡಿ ದಾಟಿದ ಮ್ಯಾಲ ಹಿಂದ ಒಂದು ಖಾಲಿ ಜಾಗಾ ಆಗತೈತಿ ನೋಡ್ರಿ, ಅದು ಜಗ್ಗತೈತಿ. ಎಣ್ಣಿ ಎಲ್ಲಾ ಅಲ್ಲೇ ಹೋಗೂದು. ಆ ಜಾಗಾ ತುಂಬಾಕ ಈ ಬಾಲ."

ನನಗೆ ಅರ್ಥವಾಗಲಿಲ್ಲ ಎಂದು ಗೊತ್ತಾಗಿ ಕಣ್ಣಾರೆ ತೋರಿಸಲು ಹೊರಟ. ಗಾಡಿಯ ಮೈತುಂಬ ಹಸಿರು ಉಣ್ಣೆಯ ನೂಲಿನ ತುಂಡುಗಳನ್ನು ಅಂಟಿಸಿ, ಕಾಗವಾಡದ ರಸ್ತೆಯಲ್ಲಿ ಬೈಕಿನ ಮೇಲೆ ಪಕ್ಕಪಕ್ಕ ಬಾ ಎಂದ. ಮನೆಗೆ ಬೀಗ ಹಾಕಿ ಅರ್ಧ ದಾರಿಯಿಂದ ಹಿಂದಿರುಗಿ ಜಗ್ಗಿ ನೋಡುವ ಜಾತಿ ನನ್ನದು. ಈ ಗಾಡಿಗೆ ನಂಬರ್ ಇಲ್ಲ, ಪೊಲೀಸರು ಹಿಡಿದರೆ ನಾನು ಜೊತೆಗಾರನೋ ಸಾಕ್ಷಿಯೋ ಎಂದು ಯೋಚಿಸುತ್ತಲೇ ಹೋದೆ. ಆದರೂ ನೋಡಿದೆ. ಮುಂಭಾಗದ ನೂಲೆಲ್ಲ ಎಣ್ಣೆ ಹಚ್ಚಿ ಬಾಚಿದ ತಲೆಗೂದಲಿನಂತೆ ಮಲಗಿತ್ತು. ಬಾಲದ ತುದಿಯಲ್ಲಿ ಮಾತ್ರ ಎಳೆಗಳು ಎದ್ದು ನಿಂತು, ಗಿರಗಿರ ಸುತ್ತಿ, ಕೆಲವು ಮುಂದಕ್ಕೆ ತಿರುಗಿ ಕಾಕಾನ ಕಡೆಗೇ ಕೈಚಾಚುತ್ತಿದ್ದವು.

ಮನೆಗೆ ಬಂದಾಗ ಅವ್ವ ಆ ನೂಲನ್ನು ಮುಟ್ಟಿ ನೋಡಿದಳು. ಒಳಗೆ ಬಂದ ಮೇಲೆ ಹೇಳಿದಳು: "ಅದು ಪದ್ಮಾನ ಸ್ವೆಟರಿನ ನೂಲೋ. ಒಂದ ತೋಳ ಹೆಣದು ಬಿಟ್ಟಿದ್ಲು."

ಕಾಕು ತೀರಿಕೊಂಡ ದಿನದ ಕತೆ ಪೂರ್ತಿ ತಿಳಿದದ್ದು ಆಗಲೇ. ಕಾಕುಗೆ ಒಮ್ಮೆಲೇ ಎದೆನೋವು ಬಂದಿತ್ತು. ಡಾಕ್ಟರು ಬಂದು, ಅಲುಗಿಸಬೇಡಿ, ಕಾಕಾನಿಗೆ ಫೋನ್ ಮಾಡಿ ಎಂದಿದ್ದರು. ಕಾಕಾ ಕೈಗೆ ಹತ್ತಿದ ಗ್ರೀಸನ್ನೂ ಒರೆಸಿಕೊಳ್ಳದೆ ಮಿರಜದಿಂದ ಹೊರಟ. ಸ್ಕೂಟರಿನ ಟಾಕಿಯಲ್ಲಿ ಎಣ್ಣೆ ಕಡಿಮೆಯಿತ್ತು, ಎದುರಿಗೇ ಪೆಟ್ರೋಲ್ ಪಂಪಿತ್ತು. ಆದರೆ ನಮ್ಮ ಕಡೆಯವರು ಮಿರಜದಲ್ಲಿ ಎಣ್ಣೆ ಹಾಕಿಸುವುದಿಲ್ಲ. ಗಡಿ ದಾಟಿ ಕಾಗವಾಡಕ್ಕೆ ಬಂದರೆ ಸೋವಿ. ಅದು ಲೋಭವಲ್ಲ, ರೂಢಿ. ತಲೆ ಯೋಚಿಸುವ ಮೊದಲೇ ಕೈ ಪಂಪನ್ನು ದಾಟಿಸಿಬಿಡುತ್ತದೆ. ಮ್ಹೈಸಾಳ ದಾಟಿ, ಎರಡೂ ಕಡೆ ಕಬ್ಬು ನಿಂತಿದ್ದ ದಾರಿಯಲ್ಲಿ ಸ್ಕೂಟರ್ ಕೆಮ್ಮಿ ನಿಂತಿತು. ಅವನು ಕಾಗವಾಡದ ಪಂಪಿನತನಕ ಅದನ್ನು ನೂಕಿಕೊಂಡು ಓಡಿದ.

"ಓಣ್ಯಾಗ ಯಾವ ಗಾಡಿ ಹಾದ್ರೂ ಕಣ್ಣ ತಗೀತಿದ್ಲು," ಎಂದಳು ಅವ್ವ. "'ವೈನಿ, ಸಪ್ಪಳ ಬಂತೇನು, ನಮ್ಮದ?' ಅಂತ ನನ್ನ ಕೈ ಹಿಡಕೊಂಡ ಕೇಳೂದು. ಅವನ ಗಾಡಿ ಸಪ್ಪಳ ಅಕಿಗೆ ಬರೋಬ್ಬರಿ ಗುರ್ತ ಇತ್ತು. ಬಂತವಾ, ಬರಾಕತ್ತೈತಿ ಅಂತ ನಾ ಸುಳ್ಳ ಹೇಳಿದ್ರ, 'ಅಲ್ಲ ಬಿಡ್ರಿ' ಅಂದ್ಲು."

ಕಾಕಾ ಮುಟ್ಟಿದಾಗ ಅವಳು ಇರಲಿಲ್ಲ.

ಒಂದು ದಿನ ಅವನು ಟಾನಿಕ್ಕಿನ ಬಾಟಲಿಯೊಂದನ್ನು ಬೆಳಕಿಗೆ ಹಿಡಿದು ತೋರಿಸಿದ. ಒಳಗೆ ಅಳೆದು ತುಂಬಿದ ಪೆಟ್ರೋಲ್. "ಅವತ್ತ ಟಾಕ್ಯಾಗ ಇದ್ದದ್ದು ಇಷ್ಟ. ಇಷ್ಟರಾಗ ಮಿರಜದಿಂದ ಮನೀ ಮುಟ್ಟಬೇಕು."

"ಮುಟ್ಟದಿದ್ರ?"

"ಬಾಲ ಇನ್ನೂ ಉದ್ದ ಮಾಡೂದು."

"ಮುಟ್ಟಿದ್ರ?"

ಕಾಕಾ ಬೆರಳು ಎಂಜಲು ಮಾಡಿ ಎತ್ತಿದ. ಅಂಗಳದಲ್ಲಿ ಒಂದು ಎಲೆಯೂ ಅಲ್ಲಾಡುತ್ತಿರಲಿಲ್ಲ. ಅವತ್ತಿನ ಸ್ಕೂಟರಿಗೆ ಬಾಲವೆಲ್ಲಿತ್ತು ಎಂದು ಕೇಳಬೇಕೆನಿಸಿತು.

ಟೆಂಪೋದಲ್ಲಿ ಗಾಡಿಯನ್ನು ಮಿರಜಕ್ಕೆ ಒಯ್ದೆವು. ಅಲ್ಲಿ ಪೊಲೀಸಪ್ಪನೊಬ್ಬ ಸುತ್ತಲೂ ತಿರುಗಿ, ಬಾಲದ ಮೀಸೆಯನ್ನು ಅನುಮಾನದಿಂದ ನೋಡಿ, "ಹೀ ಗಾಡೀ ಆಹೇ ಕೀ ಮಾಸಾ?" ಎಂದು ಕೇಳಿದ. ಗಾಡಿಯೋ ಮೀನೋ ಎಂದು. "ದೋನ್ಹೀ, ಸಾಹೇಬ," ಎಂದ ಕಾಕಾ, ಎರಡೂ ಹೌದೆಂದು. ಪೊಲೀಸಪ್ಪ ನಕ್ಕು ಹೋಗಲು ಬಿಟ್ಟ. ನಾನು ಹಿಂದೆ ಬೈಕಿನಲ್ಲಿ. ಚೀಲದಲ್ಲಿ, ಕಾಕಾನಿಗೆ ಹೇಳದೆ, ತುಂಬಿದ ಪೆಟ್ರೋಲ್ ಬಾಟಲಿ. ಅವನ ಎಣ್ಣೆ ತೀರೀತೆಂಬ ಹೆದರಿಕೆ ಒಂದು ಕಡೆ, ನನ್ನ ಬಾಟಲಿಗೆ ಬೆಂಕಿ ಹತ್ತೀತೆಂಬ ಹೆದರಿಕೆ ಇನ್ನೊಂದು ಕಡೆ.

ಮ್ಹೈಸಾಳ ದಾಟಿ ಕಬ್ಬಿನ ನಡುವೆ ಬಂದಾಗ ಇಂಜಿನ್ ಸಪ್ಪಳ ನಿಂತಿತು. ನನ್ನ ಎದೆಯೂ ನಿಂತಿತು. ಗಾಡಿ ಮಾತ್ರ ನಿಲ್ಲಲಿಲ್ಲ. ಕಿಟಕಿಯಿಂದ ಕೈ ಹೊರಬಂದು ಬೆರಳು ಎತ್ತಿತು. ಕಬ್ಬಿನ ಒಣ ಎಲೆ-ರವದಿಯ ಸರಸರ ಬಿಟ್ಟರೆ ಏನಿಲ್ಲ. ಆ ಜಾಗವನ್ನು ಅವನು ತೇಲಿಕೊಂಡೇ ದಾಟಿದ. ಕಾಗವಾಡದ ಪಂಪನ್ನೂ ದಾಟಿದ.

ನಮ್ಮ ಊರಿಗೆ ಇಳಿಯುವಲ್ಲಿ ಇಂಜಿನ್ ಬೇಕಿಲ್ಲ. ಇಳಿಜಾರೇ ಮನೆಯ ಬಾಗಿಲಿಗೆ ತರುತ್ತದೆ. ಕಾಕಾ ಎಂದೂ ಅಲ್ಲಿ ಒಂದು ಹನಿ ಸುಟ್ಟವನಲ್ಲ. ಅವತ್ತು ಓಣಿಯ ತಿರುವಿನಲ್ಲಿ ಇಂಜಿನ್ ಚಾಲೂ ಮಾಡಿದ. ಬಾಗಿಲಿಗೆ ಬಂದು ನಿಂತ, ಬಂದ್ ಮಾಡಲಿಲ್ಲ. ಆಕ್ಸಿಲರೇಟರ್ ತಿರುವಿಯೇ ತಿರುವಿದ. ಹಳೆಯ ಸ್ಕೂಟರಿನ ಒಡಕು ದನಿ ಗೋಡೆಗಳಿಗೆ ಬಡಿದು ಓಣಿಯೆಲ್ಲ ತುಂಬಿತು. ನೀಲಿ ಹೊಗೆಯಲ್ಲಿ ಗಾಡಿಯೇ ಕಾಣದಾಯಿತು.

"ಕಾಕಾ, ಮುಟ್ಟಿದೆಲ್ಲ! ಉಳದದ್ದು ಸುಟ್ಟ ಹೋಗತೈತಿ, ಬಂದ್ ಮಾಡು!" ಎಂದು ಕೂಗಿದೆ.

ಅವನು ನನ್ನ ಕಡೆ ನೋಡಲೇ ಇಲ್ಲ. ಚಿಲಕ ಹಾಕಿದ್ದ ತನ್ನ ಮನೆಯ ಬಾಗಿಲನ್ನೇ ನೋಡುತ್ತಿದ್ದ.

ನಮ್ಮವ್ವ ಹಿಟ್ಟು ಮೆತ್ತಿದ ಕೈಯಲ್ಲೇ ಹೊರಗೆ ಬಂದಳು. ಹೊಗೆ ದಾಟಿ ಹೋಗಿ, ಆ ಬಾಗಿಲಿಗೆ ಬಾಯಿ ಹತ್ತಿರ ಮಾಡಿ, ಮಲಗಿದವರನ್ನು ಎಬ್ಬಿಸುವ ದನಿಯಲ್ಲಿ ಹೇಳಿದಳು: "ಪದ್ಮಾ, ಬಂದ ನೋಡವಾ."

ಇಂಜಿನ್ ಕೆಮ್ಮಿ ನಿಂತಿತು. ಬಾಗಿಲು ಇದ್ದ ಹಾಗೇ ಇತ್ತು.

ಆ ಮೇಲೆ ಕಾಕಾ ಗಾಡಿ ಹೊರಗೆ ತೆಗೆಯಲಿಲ್ಲ. ಬೆರಳೆತ್ತುವುದನ್ನೂ ಬಿಟ್ಟ. ಮುಂದಿನ ಚಳಿಗಾಲದಲ್ಲಿ ನಿದ್ದೆಯಲ್ಲೇ ಹೋದ. ಗೋಡೆಯ ಈಚೆ ಇದ್ದ ನನಗೂ ಕೇಳಿಸಲಿಲ್ಲ. ಗಾಡಿ ಅವನ ಅಂಗಳದಲ್ಲೇ ಇದೆ. ಬಿದಿರಿಗೆ ಹುಳ ಬಿದ್ದಿದೆ, ಬಿಳಿ ಬಣ್ಣ ಪೂರ್ತಿ ಹೋಗಿ ನಾಯಕರೆಲ್ಲ ಮರಳಿ ಬಂದು ಕೈಮುಗಿದು ನಿಂತಿದ್ದಾರೆ. ಬಾಲದ ತುದಿಯಲ್ಲಿ ಹಸಿರು ನೂಲು ಒಂದೆರಡು ಎಳೆ ಉಳಿದಿದೆ.

ನಾನೀಗ ಮಿರಜದಲ್ಲೇ ಟಾಕಿ ತುಂಬಿಸುತ್ತೇನೆ. "ಗಡಿ ದಾಟಿದ್ರ ಸೋವಿ ಸಿಗತೈತ್ರಿ, ನಿಮಗ ಬುದ್ಧಿ ಯಾವಾಗ ಬರತೈತಿ?" ಎಂದು ಹೆಂಡತಿ ಹಿಂದಿನ ಸೀಟಿನಿಂದ ಬೈಯುತ್ತಾಳೆ. ಬೈಯಲಿ, ಹಿಂದಿನ ಸೀಟಿನಲ್ಲಿದ್ದಾಳಲ್ಲ. ಓಣಿಯಲ್ಲಿ ಗಾಡಿಗಳ ಸಪ್ಪಳವಿರುವಷ್ಟು ಹೊತ್ತು ನನಗೇನೂ ಅನ್ನಿಸುವುದಿಲ್ಲ. ಎಲ್ಲ ನಿಂತು, ಕಾಕಾನ ಗಾಡಿ ಬರುವಾಗಿನಂತೆ ಏನೂ ಕೇಳಿಸದಾದಾಗ ಮಾತ್ರ ಎದ್ದು ಹೋಗಿ ಬಾಗಿಲು ತೆಗೆದು ನೋಡುತ್ತೇನೆ.