ಸಾಸಿವೆಯ ಕುಲಾಯಿ

ಎಪ್ಪತ್ತರ ದಶಕದಲ್ಲಿ ನಾವು ಜಲನಗರದಲ್ಲಿದ್ದಾಗ ಪಕ್ಕದ ಮನೆಯಲ್ಲೊಬ್ಬ ಟೇಲರ್ ಇದ್ದ. ಮಧ್ಯಾಹ್ನ ಸೊಲ್ಲಾಪುರ ರಸ್ತೆಯ ಅಂಗಡಿ ಮುಚ್ಚಿ ಸೈಕಲ್ ಮೇಲೆ ಬಂದವನೇ ಕೈಕಾಲು ತೊಳೆದು, ಕೂಸಿಗಾಗಿ ಹೆಂಡತಿಯ ಮುಂದೆ ಕೈ ಚಾಚುತ್ತಿದ್ದ. "ಕೊಡ ಇಲ್ಲೆ, ಈಗ ನಂದ ಪಾಳಿ. ನೀ ಊಟಾ ಮಾಡ ಹೋಗ."

ಒಂದೇ ಮಗ್ಗುಲಿಗೆ ಮಲಗಿ ಅವರ ಕೂಸಿನ ತಲೆ ಬಲಗಡೆ ಚಪ್ಪಟೆಯಾಗಿತ್ತು. ಅದಕ್ಕೆಂದು ಅವನು ಕೂಸಿನ ತಲೆಗೆ ಕಟ್ಟುವ ಟೊಪ್ಪಿಗೆ, ಬಲಗಡೆ ಸಾಸಿವೆ ತುಂಬಿದ ಕುಲಾಯಿ ಹೊಲಿದಿದ್ದ. ಅದನ್ನು ಹಾಕಿದರೆ ಕೂಸು ಆ ಕಡೆ ಹೊರಳುತ್ತಿರಲಿಲ್ಲ. ಆದರೆ ಅದನ್ನು ಕಿತ್ತುಕೊಳ್ಳದಂತೆ ಯಾರಾದರೂ ಹತ್ತಿರ ಕೂಡಲೇಬೇಕಿತ್ತು. ಗಂಡ ಹೆಂಡತಿ ಪಾಳಿ ಹಚ್ಚಿಕೊಂಡಿದ್ದರು.

ನನಗೂ ಅದೇ ವಯಸ್ಸಿನ ಕೂಸಿತ್ತು. ಅದು ಅತ್ತರೆ ನಮ್ಮವರು ಪೇಪರಿನಿಂದ ತಲೆ ಎತ್ತದೆ, "ಅಳಾಕತ್ತೈತಿ ನೋಡ" ಅನ್ನುತ್ತಿದ್ದರು. ಗೋಡೆಯಾಚೆ "ನಂದ ಪಾಳಿ" ಕೇಳಿದಾಗಲೆಲ್ಲ ನನಗೆ ಹೊಟ್ಟೆ ಉರಿಯುತ್ತಿತ್ತು.

ಪ್ರತಿ ಸೋಮವಾರ ಅವನು ಕುಲಾಯಿ ಬಿಚ್ಚಿ, ಅಂಗಳದ ಗೋಡೆಯ ಮೇಲಿಂದ ಕೂಸನ್ನು ನನಗೆ ತೋರಿಸುತ್ತಿದ್ದ. "ಅಕ್ಕಾರ, ನೀವ ನೋಡಿ ಹೇಳ್ರಿ. ದಿನಾ ನೋಡಿ ನೋಡಿ ನಮಗ ತಿಳಿಯಂಗಿಲ್ಲ."

ಒಂದು ಸೋಮವಾರ ನೋಡಿದರೆ ತಲೆ ದುಂಡಗಾಗಿತ್ತು. ಅಂಗೈಯಿಂದ ಸವರಿಯೂ ನೋಡಿದೆ, ಎಲ್ಲೂ ತಗ್ಗಿರಲಿಲ್ಲ.

"ಇನ್ನೂ ಒಂದೀಟು ಚಪ್ಪಟಿ ಐತಿ," ಅಂದೆ.

ಅವನ, ಪಕ್ಕದಲ್ಲೇ ನಿಂತಿದ್ದ ಅವನ ಹೆಂಡತಿಯ ಮುಖ ಬಾಡುವುದನ್ನು ನೋಡಲು ಕಾದೆ. ಅವನು ಕುಲಾಯಿಯ ಲಾಡಿ ಕಟ್ಟುತ್ತ ಹೆಂಡತಿಗೆ ಹೇಳಿದ: "ಛಲೋ ಆತು ಬಿಡ. ಇನ್ನೊಂದ್ ವಾರ ಮಧ್ಯಾಹ್ನ ಮನಿಗೆ ಬರಾಕ ನೆಪ ಸಿಕ್ತು."

ಅವಳು ಬಾಯಿಗೆ ಸೆರಗು ಹಿಡಿದು ನಕ್ಕಳು.

ಒಳಗೆ ನನ್ನ ಕೂಸು ಅಳತೊಡಗಿತು. ಪಾಳಿ ನನ್ನದೇ ಇತ್ತು.