ಕುರಿಮನೆ ಅತ್ತೆಯ ಅಂತಃಕರಣ

ಮೊನ್ನೆ ಜಮಖಂಡಿಯ ಸಂತೆಯಲ್ಲಿ ಹೊಸ ಕಂಬಳಿಯೊಂದನ್ನು ಮೂಗಿನ ಹತ್ತಿರ ಹಿಡಿದೆ. ಮಾರುವವನು ವಿಚಿತ್ರವಾಗಿ ನೋಡಿದ, ನೋಡಲಿ. ಆ ಉಣ್ಣೆಯ ವಾಸನೆಗೆ ನಮ್ಮ ಪಕ್ಕದ ಮನೆಯ ಅತ್ತೆ ಎದುರಿಗೆ ಬಂದು ನಿಂತಂತಾಯಿತು...

ನಮ್ಮ ಸೀಮೆ ಇನ್ನೂ ಮುಂಬೈ ರಾಜ್ಯದಲ್ಲಿದ್ದ ಕಾಲ. ತುಬಚಿಯ ಕಡೆ ನಮ್ಮೂರು. ಅತ್ತೆ ಎಂದರೆ ರಕ್ತಸಂಬಂಧವೇನಲ್ಲ. ಬೀರೇಶ್ವರನ ಒಕ್ಕಲು, ಕುರಿ ಸಾಕಿಕೊಂಡಿದ್ದವಳು, ಮಕ್ಕಳಿರಲಿಲ್ಲ. ನನ್ನ ತಾಯಿ ತೀರಿಕೊಂಡ ಮೇಲೆ ದಿನಾ ಬೆಳಿಗ್ಗೆ ನನ್ನ ತಲೆ ಬಾಚಿ ಹೆರಳು ಹಾಕುತ್ತಿದ್ದವಳು ಅವಳೇ.

ಅಪ್ಪ ಎರಡನೆಯ ಮದುವೆಯಾದ. ಚಿಕ್ಕವ್ವ ಕೆಟ್ಟವಳಲ್ಲ, ಆದರೆ ನನ್ನನ್ನು ಕಂಡೂ ಕಾಣದಂತೆ ಇರುತ್ತಿದ್ದಳು. ನಾನೇನು ಕಡಿಮೆಯೇ, ಅವಳು ಬಡಿಸಿದರೆ ಉಣ್ಣುತ್ತಿರಲಿಲ್ಲ. ಬೇಸತ್ತ ಅಪ್ಪ, ಸುಗ್ಗಿ ಮುಗಿದ ಮೇಲೆ ನನ್ನನ್ನು ಲೋಕಾಪುರದ ಸೋದರಮಾವನ ಮನೆಗೆ ಬಿಟ್ಟುಬರುವುದೆಂದು ನಿಶ್ಚಯಿಸಿದ. ಮನೆ ಬಿಡಬೇಕೆಂಬ ಮಾತಿಗೇ ನನ್ನ ಜೀವ ಹಾರಿಹೋಗಿತ್ತು.

ಆಗ ಅತ್ತೆಯ ಹಟ್ಟಿಯಲ್ಲಿ ಒಂದು ತಬ್ಬಲಿ ಮರಿಯಿತ್ತು. ತನ್ನ ಮರಿ ಕಳೆದುಕೊಂಡ ಇನ್ನೊಂದು ಕುರಿಯ ಕಾಲು ಹಿಡಿದು, ಅತ್ತೆ ಈ ಮರಿಯನ್ನು ಅದರ ಕೆಚ್ಚಲಿಗೆ ಬಿಡುತ್ತಿದ್ದಳು. ಕುರಿ ಒದೆಯುತ್ತಿತ್ತು. ಹಸಿದ ಮರಿ ಅರಚುವುದನ್ನು ತಾಳಲಾರದೆ, ಬಟ್ಟಲಲ್ಲಿ ಹಾಲು ಕುಡಿಸೆಂದು ನಾನು ಕಾಡಿದೆ.

"ಬ್ಯಾಡ ಯವ್ವಾ. ನಾ ಕುಡಿಸಿದ್ರ ಇದು ನನ್ನ ಹಿಂದ ಬರ್ತೈತಿ, ಆ ಕುರಿ ಕಡೆ ಹೋಗಂಗಿಲ್ಲ. ಹೋಗಲಿಲ್ಲಂದ್ರ ಆ ಕುರಿಗೆ ಅಂತಃಕರಣ ಹೆಂಗ ಬರಬೇಕು?"

ಅಂತಃಕರಣ ಎಂಬ ಮಾತು ನಮ್ಮ ಕಡೆ ಎಲ್ಲರ ಬಾಯಲ್ಲೂ ಇದೆ. ಪ್ರೀತಿ ಎನ್ನಲು ನಾಚುವವರೂ ಅದನ್ನು ಧಾರಾಳವಾಗಿ ಆಡುತ್ತಾರೆ. ಶಾಲೆಯಲ್ಲಿ ಮಾಸ್ತರು ಅದಕ್ಕೆ ಮನಸ್ಸು ಎಂದು ಅರ್ಥ ಬರೆಸಿದ್ದರು. ಅತ್ತೆಗೆ ಮಾತ್ರ ಅದು ಹಾಲಿನ ಹಾಗೆ ಇಳಿಯುವಂಥದು. ಇಳಿಯದಿದ್ದರೆ ಕಾದು ಇಳಿಸಿಕೊಳ್ಳಬೇಕಾದದ್ದು.

ಮರುದಿನ ಹಣಿಗೆ ಹಿಡಿದು ಹೋದರೆ ಅತ್ತೆ ನನ್ನನ್ನು ಮುಟ್ಟಲಿಲ್ಲ. "ಇನ್ನ ಮ್ಯಾಲೆ ನಿಮ್ಮ ಮನ್ಯಾಗ ಬಾಚಿಸ್ಕೊ," ಎಂದು ಒಳಗೆ ಹೋದಳು. ಇವಳಿಗೂ ಬೇಡವಾದೆನಲ್ಲ ಎಂದುಕೊಂಡೆ. ಹಟಕ್ಕೆ ಬಿದ್ದು ಕೆದರಿದ ತಲೆಯಲ್ಲೇ ತಿರುಗಿದೆ. ಕೂದಲು ಗಂಟುಗಟ್ಟಿತು. ಕಡೆಗೊಂದು ಬೆಳಿಗ್ಗೆ ಹೇನಿನ ಕಾಟ ತಾಳಲಾರದೆ ಚಿಕ್ಕವ್ವನ ಮುಂದೆ ಹೋಗಿ ಕೂತೆ.

ಅವಳು ನನ್ನ ಕೈಯಿಂದ ಹಣಿಗೆ ತೆಗೆದುಕೊಂಡಳು. ಆಮೇಲೆ ಸಿಕ್ಕು ಬಿಡಿಸತೊಡಗಿದಳು. ನೋವಿಗೆ ನಾನು ಅಳತೊಡಗಿದೆ.

"ಆತು, ಆತು... ಇನ್ನ ಸ್ವಲ್ಪ ಐತಿ ತಡಿ."

ಅವಳು ನನ್ನೊಡನೆ ಮೆತ್ತಗೆ ಆಡಿದ ಮೊದಲ ಮಾತು ಅದು. ಸುಗ್ಗಿ ಮುಗಿಯಿತು, ಲೋಕಾಪುರದ ಸುದ್ದಿಯನ್ನು ಯಾರೂ ಎತ್ತಲಿಲ್ಲ.

ಅತ್ತೆ ಆಮೇಲೂ ದೂರವೇ ಉಳಿದಳು. ನಾನು ಮದುವೆಯಾಗಿ ಬನಹಟ್ಟಿ ಸೇರಿದ ಮೇಲೆ ಅವಳು ತೀರಿಕೊಂಡ ಸುದ್ದಿ ಬಂತು...

ಮೊನ್ನೆ ಸಂತೆಯಿಂದ ಹಾಗೇ ತವರಿಗೆ ಹೋಗಿ, ಈಗ ಹಣ್ಣಾಗಿರುವ ಚಿಕ್ಕವ್ವನ ಹತ್ತಿರ ಕೂತು, ಆ ಅತ್ತೆ ನನ್ನನ್ನು ಯಾಕೆ ದೂರ ಮಾಡಿದಳೋ ಎಂದೆ. ಚಿಕ್ಕವ್ವ ನನ್ನ ಮುಖವನ್ನೇ ನೋಡಿದಳು.

"ಹುಚ್ಚಿ, ನೀ ಸಾಲಿಗೆ ಹೋದಮ್ಯಾಲೆ ದಿನಾ ಹಿತ್ತಲ ಬಾಗಲಕ್ಕ ಬರ್ತಿದ್ಲು. ಇವತ್ತ ತಲಿ ಬಾಚಿದೇನು ಅಂತ ಕೇಳ್ತಿದ್ಲು. ಹಣಿಗ್ಯಾಗಿನ ನಿನ್ನ ಕೂದಲ ಬಿಡಿಸಿ ಸೆರಗಿಗೆ ಕಟ್ಕೊಂಡು ಹೋಗ್ತಿದ್ಲು."

ನನ್ನ ಹತ್ತಿರ ಅವಳದು ಏನೂ ಇಲ್ಲ.